ಕೊಟ್ಟಿಗೆಗೆ ಒಂದು ಪುಟ್ಟ ಫೋನ್: ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವಂಥದ್ದು



ರಾಸುಗಳ ಪಾಲನೆ, ಪೋಷಣೆಯ ಬಗ್ಗೆ ಬರೆಯುವ ಈ ಪುಟದಲ್ಲಿ ಮೊಬೈಲ್ ಫೋನಿನ ಮಾತು ಏಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅದೇ ಸಂಜೆ, ಸಂಜೆ ಬೆದೆ ಕಂಡ ಹಸುವಿಗೆ ಮಾರನೆಯ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂದು ನಾವು ಸಭೆ ಸಭೆಯಲ್ಲೂ ಹೇಳುತ್ತೇವೆ. ನೀವೂ ಬೆದೆಯನ್ನು ಸರಿಯಾಗಿಯೇ ಗುರುತಿಸುತ್ತೀರಿ. ಆದರೆ ಸಂಘದ ಕೃತಕ ಗರ್ಭಧಾರಣಾ ಕಾರ್ಯಕರ್ತನಿಗೆ ಕರೆ ಹೋಗುವುದಿಲ್ಲ. ಆ ದಿನ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟೂ ದಿನದ ಮೇವು, ಹಿಂಡಿ, ಆಳಿನ ಕೂಲಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಕರು ಹಾಕಿದ ಎರಡು ಮೂರು ದಿನದೊಳಗೆ ಹಾಲು ಜ್ವರ ಬಂದು ಕುತ್ತಿಗೆ ಪಕ್ಕೆಗೆ ತಿರುಗಿಸಿಕೊಂಡು ಮಲಗಿದ ಹಸುವಿನ ವಿಷಯದಲ್ಲಿ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಲು ವೈದ್ಯರು ಬರಬೇಕಾದರೆ ಅವರಿಗೆ ಮೊದಲು ಸುದ್ದಿ ಮುಟ್ಟಬೇಕು.

ಹೀಗೆ ಕರೆ ಹೋಗದಿರುವುದಕ್ಕೆ ಸದಸ್ಯರು ಸಾಮಾನ್ಯವಾಗಿ 'ಟವರ್ ಇಲ್ಲ ಸಾರ್' ಎನ್ನುತ್ತಾರೆ. ಎಷ್ಟೋ ಕಡೆ ಟವರ್ ಇದೆ. ಆದರೆ ಅದು ಅವರ ಸಿಮ್ ಕಂಪನಿಯದ್ದಲ್ಲ. ಬೇರೆ ಕಂಪನಿಯ ಸಿಮ್ ಹಾಕೋಣವೆಂದರೆ ಫೋನ್ ಒಪ್ಪುವುದಿಲ್ಲ. ಆದ್ದರಿಂದ ಈ ಲೇಖನದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಫೋನ್ ಚಿಕ್ಕದಿರಲಿ, ಅಗ್ಗದ್ದಿರಲಿ. ಆದರೆ ಒಂದೇ ಕಂಪನಿಗೆ ಕಟ್ಟಿಹಾಕಿದ ಫೋನ್ ಬೇಡ. ಜೊತೆಗೆ ಅದು 4ಜಿಯಲ್ಲಿ ಮಾತನಾಡುವಂಥದ್ದಾಗಿರಲಿ.

ಕಟ್ಟಿಹಾಕಿದ ಫೋನ್ ಎಂದರೇನು?

ನಮ್ಮ ದೇಶದಲ್ಲಿ ಅಂಗಡಿಯಲ್ಲಿ ಸಿಗುವ ಫೋನ್‌ಗಳಲ್ಲಿ ಹೆಚ್ಚಿನವು ಯಾವ ಸಿಮ್ ಹಾಕಿದರೂ ನಡೆಯುತ್ತವೆ. ಆದರೆ ಮೊಬೈಲ್ ಸೇವೆ ಕೊಡುವ ಕಂಪನಿಯೇ ತನ್ನ ಹೆಸರಿನಲ್ಲಿ ಅಗ್ಗದ ಬೆಲೆಗೆ ಮಾರುವ ಫೋನ್‌ಗೆ ಬೀಗ ಇರುತ್ತದೆ. ಅದರಲ್ಲಿ ಆ ಕಂಪನಿಯ ಸಿಮ್ ಮಾತ್ರ ನಡೆಯುತ್ತದೆ. 2017ರಲ್ಲಿ 1,500 ರೂಪಾಯಿ ಠೇವಣಿಯ ಮೇಲೆ ಬಂದ ಜಿಯೋಫೋನ್, 2023ರ ಜುಲೈನಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಈ ಬಗೆಯವು. ಇದರಲ್ಲಿ ಮೋಸವೇನೂ ಇಲ್ಲ. ಬೆಲೆ ಕಡಿಮೆ ಇರುವುದೇ ನೀವು ಅವರ ಸಿಮ್ಮನ್ನೇ ಬಳಸುತ್ತೀರೆಂಬ ಲೆಕ್ಕದ ಮೇಲೆ. ನಿಮ್ಮ ಕೊಟ್ಟಿಗೆಯಲ್ಲಿ ಆ ಕಂಪನಿಯ ಸಂಪರ್ಕ ಚೆನ್ನಾಗಿ ಸಿಗುತ್ತಿದ್ದರೆ, ಮುಂದೆಯೂ ಅದನ್ನೇ ಬಳಸುವ ಮನಸ್ಸಿದ್ದರೆ ಧಾರಾಳವಾಗಿ ಕೊಳ್ಳಬಹುದು. ಸಿಗದಿದ್ದರೆ ಆ ಫೋನಿನಿಂದ ನಿಮಗೆ ಉಪಯೋಗವಿಲ್ಲ.

ಹಿರಿಯ ಸದಸ್ಯರಿಗೆ 2003ರ ಮಳೆಗಾಲ ನೆನಪಿರಬಹುದು. 501 ರೂಪಾಯಿ ಕಟ್ಟಿ ರಿಲಯನ್ಸ್ ಫೋನ್ ಮನೆಗೆ ತಂದ ಕಾಲ ಅದು. ಹಳ್ಳಿ ಹಳ್ಳಿಗೆ ಮೊಬೈಲ್ ಬಂದದ್ದರಲ್ಲಿ ಅದರ ಪಾತ್ರ ದೊಡ್ಡದು. ಆದರೆ ಸಿಡಿಎಂಎ ಎಂಬ ಆ ಪದ್ಧತಿಯ ಫೋನ್‌ಗಳಲ್ಲಿ ಸಿಮ್ ತೆಗೆದು ಇನ್ನೊಂದು ಹಾಕುವ ಏರ್ಪಾಡು ಇರಲಿಲ್ಲ. ಆ ಸೇವೆ ನಿಂತ ದಿನ ಫೋನೂ ನಿಂತಿತು. ಚೆನ್ನಾಗಿದ್ದ ಫೋನ್‌ಗಳು ಮಕ್ಕಳ ಆಟಿಕೆಯಾದವು.

ಇನ್ನೊಂದು ಬಗೆಯ ಬೀಗ ವಿಮಾನದಲ್ಲಿ ಬರುತ್ತದೆ! ಅಮೆರಿಕದಲ್ಲಿರುವ ಮಗನೋ ಅಳಿಯನೋ ತಾನು ಬಳಸಿದ ಫೋನನ್ನು ಊರಿಗೆ ಬಂದಾಗ ಕೊಟ್ಟು ಹೋಗುತ್ತಾರೆ. ಅಲ್ಲಿ ಮೊಬೈಲ್ ಕಂಪನಿಗಳೇ ಕಂತಿನ ಮೇಲೆ ಫೋನ್ ಕೊಡುವುದು ರೂಢಿ. ಕಂತು ತೀರಿ, ಕಂಪನಿ ಬೀಗ ತೆಗೆಯುವವರೆಗೆ ಇಲ್ಲಿಯ ಸಿಮ್ ನಡೆಯುವುದಿಲ್ಲ. ಬೀಗ ತೆಗೆಸುವ ಕೆಲಸ ಅಲ್ಲಿಂದಲೇ ಆಗಬೇಕು. ಹೊರಡುವ ಮೊದಲೇ ಅವರಿಗೆ ಈ ವಿಷಯ ತಿಳಿಸಿ. ಬೀಗ ತೆಗೆದರೂ ಆ ಫೋನ್ ನಮ್ಮ ಕಂಪನಿಗಳ 4ಜಿ ಕರೆಗೆ ಒಗ್ಗುತ್ತದೆಂಬ ಖಾತರಿ ಇಲ್ಲ. ಇಲ್ಲಿಯ ಸಿಮ್ ಹಾಕಿ ಕರೆ ಮಾಡಿದಾಗಲೇ ಗೊತ್ತಾಗುವುದು.

2ಜಿ, 4ಜಿ ಗೊಂದಲ

ಬೀಗ ಇಲ್ಲದ ಫೋನ್ ಎಂದ ಮಾತ್ರಕ್ಕೆ ಎಲ್ಲ ಕಂಪನಿಗೂ ಆಗುತ್ತದೆ ಎಂದಲ್ಲ. ಇಲ್ಲಿಯೇ ನಮ್ಮ ಸದಸ್ಯರು ಹೆಚ್ಚು ಎಡವುತ್ತಿರುವುದು. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಕೀಪ್ಯಾಡ್ ಫೋನ್‌ಗಳು 2ಜಿಯವು. ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ಕಂಪನಿಗಳಲ್ಲಿ 2ಜಿ ಇನ್ನೂ ನಡೆಯುತ್ತಿದೆ. ಹಾಗಾಗಿ ಆ ಸಿಮ್‌ಗಳು ಅವುಗಳಲ್ಲಿ ಮಾತನಾಡುತ್ತವೆ. 2016ರಲ್ಲಿ ಸೇವೆ ಆರಂಭಿಸಿದ ಜಿಯೋ 2ಜಿಯನ್ನು ಇಟ್ಟುಕೊಂಡೇ ಇಲ್ಲ. ಆದ್ದರಿಂದ 2ಜಿ ಫೋನಿಗೆ ಬೀಗ ಇಲ್ಲದಿದ್ದರೂ ಜಿಯೋ ಸಿಮ್ ಅದರಲ್ಲಿ ಕೆಲಸ ಮಾಡದು. ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ದಾರಿ ಇಲ್ಲದಂತೆ. ಇನ್ನು 3ಜಿಯನ್ನು ನಂಬಿ ಈಗ ಫೋನ್ ಕೊಳ್ಳುವಂತಿಲ್ಲ. ಖಾಸಗಿ ಕಂಪನಿಗಳು ಅದನ್ನು ಮುಚ್ಚಿ 4ಜಿಗೆ ಬಂದಿವೆ.

4ಜಿಯಲ್ಲಿ ಮಾತನಾಡುವ ವಿಧಾನಕ್ಕೆ ವೋಲ್ಟಿ ಎಂದು ಹೆಸರು. ಫೋನಿನ ಡಬ್ಬಿಯ ಮೇಲೆ 4ಜಿ ಎಂದಿದ್ದರೆ ಸಾಲದು, ವೋಲ್ಟಿ ಎಂದೂ ಇರಬೇಕು. ಎರಡು ಸಿಮ್ ಹಾಕುವ ಫೋನಾದರೆ ಎರಡೂ ಕಡೆ 4ಜಿ ಇದೆಯೇ ಎಂದು ಕೇಳಿ. ಕೆಲವು ಮಾದರಿಗಳಲ್ಲಿ ಒಂದು ಕಡೆ 4ಜಿ, ಇನ್ನೊಂದು ಕಡೆ ಬರೀ 2ಜಿ ಇರುತ್ತದೆ.

ಹೆಸರು ನೋಡಿ ಮೋಸಹೋಗುವುದೂ ಉಂಟು. ಉದಾಹರಣೆಗೆ 2023ರ ಜುಲೈನಲ್ಲಿ ನೋಕಿಯಾ 110 ಎಂಬ ಒಂದೇ ಹೆಸರಿನಲ್ಲಿ 2ಜಿ ಮಾದರಿಯೂ 4ಜಿ ಮಾದರಿಯೂ ಒಟ್ಟಿಗೆ ಮಾರುಕಟ್ಟೆಗೆ ಬಂದವು. ಬಿಡುಗಡೆಯಾದಾಗ ಮೊದಲನೆಯದರ ಬೆಲೆ ಸುಮಾರು 1,700, ಎರಡನೆಯದರದ್ದು ಸುಮಾರು 2,500 ರೂಪಾಯಿ. 'ನೋಕಿಯಾ 110 ಕೊಡಿ' ಎಂದರೆ ಅಂಗಡಿಯವನು ಯಾವುದನ್ನು ಕೊಟ್ಟರೂ ತಪ್ಪಲ್ಲ. ಆ ಎಂಟು ನೂರು ರೂಪಾಯಿ ವ್ಯತ್ಯಾಸ ಉಳಿಸಲು ಹೋಗಬೇಡಿ ಎಂಬುದು ನನ್ನ ಸಲಹೆ. 2ಜಿ ಎಷ್ಟು ವರ್ಷ ಉಳಿದೀತೆಂದು ಹೇಳುವವರಿಲ್ಲ. 4ಜಿ ಫೋನಾದರೆ ನಾಲ್ಕು ಕಂಪನಿಯ ಬಾಗಿಲೂ ತೆರೆದಿರುತ್ತದೆ.

ಬಿಎಸ್‌ಎನ್‌ಎಲ್ ಬಳಸುವವರಿಗೆ ಒಂದು ಮಾತು ಹೆಚ್ಚು. ಈ ಸರ್ಕಾರಿ ಕಂಪನಿಯ ಸ್ವದೇಶಿ 4ಜಿ ಸೇವೆ 2025ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಉದ್ಘಾಟನೆಯಾಯಿತು. ಅದು 700 ಮೆಗಾಹರ್ಟ್ಸ್ ತರಂಗವನ್ನೂ ಬಳಸುತ್ತದೆ. ಫೋನ್ ಭಾಷೆಯಲ್ಲಿ ಇದು ಬ್ಯಾಂಡ್ 28. ಕಡಿಮೆ ಸಂಖ್ಯೆಯ ತರಂಗ ದೂರ ಸಾಗುತ್ತದೆ, ಮರ ಗೋಡೆಗಳನ್ನೂ ಹೆಚ್ಚು ದಾಟುತ್ತದೆ. 1800, 2300ರ ತರಂಗಗಳು ಅಷ್ಟು ದೂರ ಬಾರವು. ಸಕಲೇಶಪುರ, ಆಲೂರಿನ ಕಡೆ ಗುಡ್ಡದ ಮರೆಯಲ್ಲಿ ಮನೆ ಇರುವವರಿಗೆ ಇದು ಅರಸೀಕೆರೆಯ ಬಯಲಿನವರಿಗಿಂತ ಹೆಚ್ಚು ಮುಖ್ಯ. ಆದರೆ ಎಲ್ಲ ಕೀಪ್ಯಾಡ್ 4ಜಿ ಫೋನ್‌ಗಳಲ್ಲೂ ಬ್ಯಾಂಡ್ 28 ಇರುವುದಿಲ್ಲ. ಡಬ್ಬಿಯ ಮೇಲೋ ಒಳಗಿನ ಪುಸ್ತಿಕೆಯಲ್ಲೋ 1, 3, 5, 8, 40 ಎಂದು ಬ್ಯಾಂಡ್‌ಗಳ ಪಟ್ಟಿ ಇರುತ್ತದೆ. ಬಿಎಸ್‌ಎನ್‌ಎಲ್ ಹಾಕುವ ಉದ್ದೇಶವಿದ್ದರೆ ಅದರಲ್ಲಿ 28 ಇದೆಯೇ ಎಂದು ಮಗನಿಂದಲೋ ಮಗಳಿಂದಲೋ ಓದಿಸಿ ನೋಡಿ.

ಮೊದಲು ಕೊಟ್ಟಿಗೆ, ಆಮೇಲೆ ಅಂಗಡಿ

ಕೊಂಬು ನೋಡಿ ಹಸು ಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ. ಎರಡು ಹೊತ್ತು ಹಾಲು ಕರೆದು ನೋಡಿ, ಕೆಚ್ಚಲು ಮುಟ್ಟಿ ನೋಡಿ ಕೊಳ್ಳುತ್ತೇವೆ. ಫೋನಿಗೂ ಹಾಗೇ ಮಾಡಿ. ಅಂಗಡಿಗೆ ಹೋಗುವ ಮೊದಲು ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆರೆಯವರನ್ನು ಒಂದು ದಿನ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಕರೆಯಿರಿ. ಅಲ್ಲಿಂದಲೇ ಒಂದೊಂದು ಕರೆ ಮಾಡಿಸಿ. ಬರೀ ಗೆರೆ ನೋಡಿದರೆ ಸಾಲದು, ಆ ಕಡೆಯವರ ಮಾತು ತುಂಡಾಗದೆ ಕೇಳಬೇಕು. ಅಂಗಳದಲ್ಲಿ ಚೆನ್ನಾಗಿ ಸಿಗುವುದು ತಗಡಿನ ಸೂರಿನ ಕೆಳಗೆ ಸಿಗದಿರಬಹುದು; ಲೋಹದ ಹೊದಿಕೆ ತರಂಗವನ್ನು ತಡೆಯುತ್ತದೆ. ಕರೆಂಟ್ ಹೋದಾಗಲೂ ಒಮ್ಮೆ ನೋಡಿ. ಕೆಲವು ಟವರ್‌ಗಳು ಕರೆಂಟಿನ ಜೊತೆಯಲ್ಲೇ ಮಲಗುತ್ತವೆ, ಹಸು ಕರು ಹಾಕುವುದೂ ಅಂಥ ರಾತ್ರಿಯಲ್ಲೇ.

ಹೀಗೆ ಪರೀಕ್ಷಿಸಿದಾಗ ಎರಡು ಕಂಪನಿಗಳು ಸಿಕ್ಕರೆ ಎರಡು ಸಿಮ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಮಲಗಿದರೆ ಇನ್ನೊಂದು ಇರುತ್ತದೆ.

ಆಮೇಲೆ ಅಂಗಡಿ. ಮನೆಯಲ್ಲಿರುವ ಬೇರೆ ಬೇರೆ ಕಂಪನಿಯ ಎರಡು ಮೂರು ಸಿಮ್‌ಗಳನ್ನು ಜೊತೆಗೆ ಒಯ್ಯಿರಿ. ಸಣ್ಣ ಸಿಮ್ಮನ್ನು ದೊಡ್ಡ ಜಾಗದಲ್ಲಿ ಕೂರಿಸುವ ಪ್ಲಾಸ್ಟಿಕ್ ಚೌಕಟ್ಟೂ ಇರಲಿ. ಕೆಲವು ಕೀಪ್ಯಾಡ್ ಫೋನ್‌ಗಳಲ್ಲಿ ಇನ್ನೂ ದೊಡ್ಡ ಸಿಮ್ಮಿನ ಜಾಗವೇ ಇರುತ್ತದೆ. 'ಯಜಮಾನ್ರೇ, ಇದು ಎಲ್ಲಕ್ಕೂ ಆಗುತ್ತೆ' ಎಂಬ ಮಾತಿಗೆ ತಲೆಯಾಡಿಸಿ ಬರಬೇಡಿ. ಒಂದೊಂದೇ ಸಿಮ್ ಹಾಕಿಸಿ, ಒಂದೊಂದು ಕರೆ ಮಾಡಿ, ಒಂದು ಕರೆ ತರಿಸಿಕೊಳ್ಳಿ. ಬೀಗ ಇದ್ದರೆ ಸಿಮ್ ಸರಿಯಿಲ್ಲ, ಒಪ್ಪುವುದಿಲ್ಲ ಎಂಬರ್ಥದ ಬರಹ ಪರದೆಯ ಮೇಲೆ ಬರುತ್ತದೆ. ಹತ್ತು ನಿಮಿಷದ ಕೆಲಸ. ಅಂಗಡಿಯವನು ಬೇಸರಪಟ್ಟರೆ ಪಕ್ಕದ ಅಂಗಡಿ ಇದೆ.

ಚಿಕ್ಕದೇ ಏಕೆ?

ದೊಡ್ಡ ಪರದೆಯ ಸ್ಮಾರ್ಟ್‌ಫೋನ್ ಬೇಡವೆಂದು ನಾನು ಹೇಳುತ್ತಿಲ್ಲ. ಚರ್ಮಗಂಟು ರೋಗದ ಗಂಟುಗಳ ಫೋಟೋ ತೆಗೆದು ವೈದ್ಯರಿಗೆ ಕಳಿಸಲು, 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ '1962' ರೈತರ ಆ್ಯಪ್ ನೋಡಲು ಅದು ಬೇಕು. ಮನೆಗೊಂದು ಇರಲಿ. ಕೀಪ್ಯಾಡ್ ಫೋನಿನಲ್ಲೇ ವಾಟ್ಸಾಪ್ ಸಿಗುತ್ತದೆಂಬ ಹಳೆಯ ಮಾತನ್ನು ನಂಬಿ ಹಣ ಕೊಡಬೇಡಿ.

ಆದರೆ ಕೊಟ್ಟಿಗೆಯ ಕೆಲಸ ಬೇರೆ. ಕೈ ಒದ್ದೆ, ಸಗಣಿ, ಗಂಜಲ. ಒದ್ದೆ ಬೆರಳಿಗೆ ಗಾಜಿನ ಪರದೆ ಸರಿಯಾಗಿ ಓಗೊಡುವುದಿಲ್ಲ. ಗುಂಡಿ ಇರುವ ಫೋನ್ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಅಂಗಿಯ ಮೇಲಿನ ಜೇಬಿನಲ್ಲೋ ಸೊಂಟದ ಸಂಚಿಯಲ್ಲೋ ಕೂರುತ್ತದೆ. ಬಗ್ಗಿ ಹಾಲು ಕರೆಯುವಾಗ ಬಕೆಟ್‌ಗೆ ಜಾರಿ ಬೀಳದಂತೆ ದಾರ ಕಟ್ಟಲು ರಂಧ್ರವಿದ್ದರೆ ಇನ್ನೂ ಒಳ್ಳೆಯದು. ಟಾರ್ಚ್ ಜೋರಾಗಿರಬೇಕು, ಪ್ರತ್ಯೇಕ ಗುಂಡಿಯಿಂದ ಹತ್ತುವಂತಿರಬೇಕು. ಧ್ವನಿವರ್ಧಕವೂ ಜೋರಾಗಿರಬೇಕು. ಏಕೆಂದರೆ ನೀರಿನ ಚೀಲ ಒಡೆದು ಗಂಟೆಯಾದರೂ ಕರುವಿನ ಕಾಲು ಕಾಣದಾಗ ಎರಡೂ ಕೈ ಹಸುವಿನ ಬಳಿಯೇ ಇರುತ್ತವೆ. ವೈದ್ಯರು ಬರುವವರೆಗೆ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಫೋನ್ ಗೋಡೆಯ ಗೂಡಿನಲ್ಲಿಟ್ಟು ಕೇಳಿಸಿಕೊಳ್ಳಬೇಕು. ಬ್ಯಾಟರಿ ಕೈಯಿಂದ ತೆಗೆದು ಹಾಕುವಂಥದ್ದಿದ್ದರೆ ವಾಸಿ. ಬ್ಯಾಟರಿ ಊದಿಕೊಂಡಿದ್ದರೆ ಚಾರ್ಜಿಗೆ ಹಾಕದೆ ಬದಲಿಸಿ. 4ಜಿ ಫೋನಿನ ಬ್ಯಾಟರಿ ಹಳೆಯ 2ಜಿ ಫೋನಿನಷ್ಟು ದಿನ ಬಾರದು ಎಂಬುದೂ ಗೊತ್ತಿರಲಿ.

ಕನ್ನಡ ಅಕ್ಷರದ ಸಂದೇಶ ಓದಲು ಬರಬೇಕು. ನಮ್ಮ ದೇಶದಲ್ಲಿ ಮಾರುವ ಹೊಸ ಫೋನ್‌ಗಳಲ್ಲಿ ಭಾರತೀಯ ಭಾಷೆಗಳ ಬರಹ ಕಾಣಲೇಬೇಕೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಆದರೂ ಅಂಗಡಿಯಲ್ಲೇ ಒಂದು ಕನ್ನಡ ಸಂದೇಶ ತರಿಸಿಕೊಂಡು ನೋಡಿ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುವ ಏರ್ಪಾಡೂ ಇರುತ್ತದೆ. ಯಾವ ಗುಂಡಿ ಎಂದು ಕೇಳಿ ತಿಳಿದುಕೊಳ್ಳಿ. ರಾಸುಗಳ ತುರ್ತು ಚಿಕಿತ್ಸೆಗೆ ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಸಂಖ್ಯೆ 1962. ಅದನ್ನೂ, ಸಂಘದ ಕಾರ್ಯದರ್ಶಿ ಮತ್ತು ಕೃತಕ ಗರ್ಭಧಾರಣಾ ಕಾರ್ಯಕರ್ತರ ಸಂಖ್ಯೆಯನ್ನೂ ಒಂದೇ ಗುಂಡಿಗೆ ಹೋಗುವಂತೆ ಕೂಡಿಸಿಕೊಳ್ಳಿ.

ಮಹಿಳಾ ಸಂಘಗಳ ಸದಸ್ಯೆಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಮನೆಯಲ್ಲಿ ರಾಸು ನೋಡಿಕೊಳ್ಳುವವರು ನೀವು, ಫೋನ್ ಮಾತ್ರ ಯಜಮಾನರ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ. ಬ್ಯಾಂಕಿಗೆ ಕೊಟ್ಟ ಸಂಖ್ಯೆ ಬೆಂಗಳೂರಿನಲ್ಲಿರುವ ಮಗನದ್ದು. ಬಟವಾಡೆಯ ಸಂದೇಶವೂ ಓಟಿಪಿಯೂ ಅಲ್ಲಿಗೇ ಹೋಗುತ್ತದೆ. ಹಾಲಿನ ಹಣ ನಿಮ್ಮ ಖಾತೆಗೆ ಬರುವಾಗ ಸಂದೇಶವೂ ನಿಮ್ಮ ಕೈಯಲ್ಲಿರುವ ಫೋನಿಗೇ ಬರಲಿ. ಎರಡೂವರೆ ಸಾವಿರದ ಫೋನನ್ನು ನಿಮ್ಮ ಹೆಸರಿನ ಸಿಮ್ ಹಾಕಿ ಇಟ್ಟುಕೊಳ್ಳಿ.

ಹಳೆಯ ಫೋನ್ ಕೊಳ್ಳುವವರಿಗೆ

ಸಂತೆಯಲ್ಲಿ, ದುರಸ್ತಿ ಅಂಗಡಿಯಲ್ಲಿ ಸಿಗುವ ಬಳಸಿದ ಫೋನ್ ಕದ್ದದ್ದಾಗಿದ್ದರೆ ಯಾವ ಸಿಮ್ ಹಾಕಿದರೂ ನಡೆಯದಂತೆ ಅದನ್ನು ಸರ್ಕಾರವೇ ತಡೆಹಿಡಿದಿರಬಹುದು. ಇದು ಕಂಪನಿಯ ಬೀಗಕ್ಕಿಂತ ಗಟ್ಟಿ. ಹಣ ಕೊಡುವ ಮೊದಲು *#06# ಒತ್ತಿ. ಪರದೆಯ ಮೇಲೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ರಾಸಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಇದ್ದ ಹಾಗೆ ಇದು ಫೋನಿನ ಗುರುತು. ಇಂಗ್ಲಿಷಿನ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿ ಬರೆದು 14422 ಸಂಖ್ಯೆಗೆ ಸಂದೇಶ ಕಳಿಸಿದರೆ ಉತ್ತರ ಬರುತ್ತದೆ. ತಡೆಹಿಡಿದದ್ದು ಅಥವಾ ನಕಲಿ ಸಂಖ್ಯೆಯದ್ದು ಎಂದು ಬಂದರೆ ಬಿಟ್ಟು ಬನ್ನಿ. ನಿಮ್ಮ ಹೊಸ ಫೋನಿನ ಈ ಸಂಖ್ಯೆಯನ್ನೂ ಹಾಲಿನ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ಅದನ್ನು ತಡೆಹಿಡಿಸಬಹುದು. ಆಗ ಈ ಅಂಕಿ ಬೇಕೇ ಬೇಕು.

ಸಂಖ್ಯೆ ಅದೇ, ಕಂಪನಿ ಬೇರೆ

ಬೀಗವಿಲ್ಲದ ಫೋನಿನ ಪೂರ್ತಿ ಲಾಭ ಸಿಗುವುದು ಇಲ್ಲಿ. 2011ರ ಜನವರಿ 20ರಿಂದ ದೇಶಾದ್ಯಂತ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಅವಕಾಶವಿದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ಸಂಖ್ಯೆ ಬರೆದು 1900ಕ್ಕೆ ಕಳಿಸಿದರೆ ಎಂಟು ಅಕ್ಷರದ ಒಂದು ಸಂಕೇತ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ಊರ್ಜಿತ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ರಾಜ್ಯದೊಳಗಿನ ಬದಲಾವಣೆಗೆ ಮೂರು ಕೆಲಸದ ದಿನ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. 2024ರ ಜುಲೈ 1ರಿಂದ ಇನ್ನೊಂದು ನಿಯಮ ಸೇರಿದೆ: ಕಳೆದ ಅಥವಾ ಕೆಟ್ಟ ಸಿಮ್ ಬದಲಿಗೆ ಹೊಸದು ಪಡೆದಿದ್ದರೆ ಏಳು ದಿನ ಕಂಪನಿ ಬದಲಿಸುವಂತಿಲ್ಲ. ಹಳೆಯ ಸಿಮ್ ನಿಂತು ಹೊಸದು ಹತ್ತುವವರೆಗೆ ಸ್ವಲ್ಪ ಹೊತ್ತು ಫೋನ್ ಸ್ತಬ್ಧವಾಗಿರುತ್ತದೆ. ಆದ್ದರಿಂದ ದಿನ ತುಂಬಿದ ಹಸು ಕಟ್ಟಿಕೊಂಡಿರುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ರೀಚಾರ್ಜ್ ಬಗ್ಗೆ. ಕೀಪ್ಯಾಡ್ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಇಂಟರ್‌ನೆಟ್ ಇರುವ ಪ್ಯಾಕ್ ಹಾಕಿಸುವುದು ಬತ್ತಿದ ಹಸುವಿಗೆ ಹಾಲಿನ ಹಸುವಿನ ಹಿಂಡಿ ಹಾಕಿದಂತೆ. ಕರೆ ಮತ್ತು ಸಂದೇಶಕ್ಕಷ್ಟೇ ಪ್ರತ್ಯೇಕ ಪ್ಯಾಕ್ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಥ ಪ್ಯಾಕಿನ ಅವಧಿಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿದೆ. ಅಂಗಡಿಯವನು ತಾನಾಗಿ ಹೇಳದಿರಬಹುದು, 'ಇಂಟರ್‌ನೆಟ್ ಇಲ್ಲದ ಪ್ಯಾಕ್ ಯಾವುದಿದೆ?' ಎಂದು ಕೇಳಿ ಪಡೆಯಿರಿ. ಎರಡನೆಯ ಸಿಮ್ಮಿನ ಅವಧಿ ಮುಗಿಯಲು ಬಿಡಬೇಡಿ. ಬಹಳ ದಿನ ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪನಿ ರದ್ದು ಮಾಡುತ್ತದೆ. ರದ್ದಾದ 90 ದಿನಗಳ ನಂತರ ಅದು ಬೇರೆಯವರ ಕೈ ಸೇರಬಹುದು. ಬ್ಯಾಂಕಿಗೆ ಕೊಟ್ಟ ಸಂಖ್ಯೆ ಅದೇ ಆಗಿದ್ದರೆ ನಿಮ್ಮ ಓಟಿಪಿಯೂ ಅವರಿಗೇ ಹೋಗುತ್ತದೆ.

ಹಣ ಕಳಿಸಲು ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಆರಂಭಿಸಿದ ಯುಪಿಐ 123ಪೇ ಕೀಪ್ಯಾಡ್ ಫೋನಿನವರಿಗೆಂದೇ ಇರುವ ವ್ಯವಸ್ಥೆ. ಒಂದು ಬಾರಿಗೆ ಕಳಿಸುವ ಮಿತಿಯನ್ನು 2024ರಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಲು ನಿರ್ಧರಿಸಲಾಯಿತು. ಕ್ರಮವನ್ನು ನಿಮ್ಮ ಬ್ಯಾಂಕಿನಲ್ಲೇ ಕೇಳಿ ತಿಳಿಯಿರಿ, ಫೋನ್ ಮಾಡಿ ಕಲಿಸುತ್ತೇನೆನ್ನುವ ಅಪರಿಚಿತರಿಂದ ಬೇಡ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿಯ ಜೊತೆಗೆ ಸಂಖ್ಯೆಯನ್ನೂ ಬದಲಿಸಿದ್ದಲ್ಲಿ ಹೊಸ ಸಂಖ್ಯೆಯನ್ನು ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ, ಸಂಘದ ಕಾರ್ಯದರ್ಶಿಗೆ ಕೊಡಿ. ಕಿವಿಯೋಲೆ ಹಾಕುವಾಗ ಮಾಲೀಕರ ಹೆಸರಿನ ಜೊತೆ ಮೊಬೈಲ್ ಸಂಖ್ಯೆಯೂ ದಾಖಲಾಗಿರುತ್ತದೆ. ಮುಂದಿನ ಕಾಲುಬಾಯಿ ಜ್ವರದ ಲಸಿಕೆಗೆ ಸಿಬ್ಬಂದಿ ಮನೆಗೆ ಬಂದಾಗ ಅದನ್ನೂ ತಿದ್ದಿಸಿಕೊಳ್ಳಿ.